ಚದುರಂಗದ ರಾಣಿ ವೇರಾ ಮೆಂಚಿಕ್

ಸುವರ್ಣ ಮಹೋತ್ಸವದ ಸಂಚಿಕೆಗೆ ಯಾರಾದರೊಬ್ಬ ಮಹನೀಯರ ಜೀವನ ಚರಿತ್ರೆ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಫೋನ್ ಮಾಡಿದಾಗ ನನ್ನ ಮನಸ್ಸಿಗೆ ಬಂದದ್ದು ನಮ್ಮ ನಾಡಿನವರ ಹೆಸರಲ್ಲ. ನಮ್ಮವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಗುರುಗಳೂ ಹಿರಿಯ ವಿದ್ಯಾರ್ಥಿಗಳೂ ಈ ಸಂಚಿಕೆಯಲ್ಲೇ ಇದ್ದಾರೆ. ನನಗೆ ನೆನಪಾದದ್ದು 2024ರ ಸೆಪ್ಟೆಂಬರ್ 22. ಆ ದಿನ ಹಂಗೆರಿ ದೇಶದ ರಾಜಧಾನಿ ಬುಡಾಪೆಸ್ಟಿನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳ ತಂಡ ಅಜರ್‌ಬೈಜಾನ್ ತಂಡವನ್ನು ಮೂರೂವರೆ–ಅರ್ಧ ಅಂಕಗಳಿಂದ ಸೋಲಿಸಿ ಚೆಸ್ ಒಲಿಂಪಿಯಾಡಿನ ಚಿನ್ನ ಗೆದ್ದಿತು. ಹಾರಿಕಾ ದ್ರೋಣವಲ್ಲಿ, ಆರ್. ವೈಶಾಲಿ, ದಿವ್ಯಾ ದೇಶಮುಖ್, ವಂತಿಕಾ ಅಗರ್ವಾಲ್, ತಾನಿಯಾ ಸಚ್‌ದೇವ್ ಆ ತಂಡದಲ್ಲಿದ್ದವರು. ಮರುದಿನ ಪತ್ರಿಕೆಗಳಲ್ಲಿ ಅವರ ಫೋಟೋ ನೋಡಿದೆವು, ಸಂತೋಷಪಟ್ಟೆವು. ಆದರೆ ಮಹಿಳೆಯರ ತಂಡಕ್ಕೆ ಸಲ್ಲುವ ಆ ಟ್ರೋಫಿಗೆ ಯಾರ ಹೆಸರಿದೆ ಎಂದು ನನ್ನ ಸಹೋದ್ಯೋಗಿಗಳನ್ನು ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಅಲ್ಲಿಯವರೆಗೆ ಅಷ್ಟಕ್ಕಷ್ಟೇ ಗೊತ್ತಿತ್ತು. ಅದರ ಹೆಸರು ವೇರಾ ಮೆಂಚಿಕ್ ಕಪ್.

ಊರಿನ ಹಿರಿಯರಿಗಾಗಿ ಒಲಿಂಪಿಯಾಡ್ ಎಂದರೇನೆಂದು ಎರಡು ಮಾತು ಹೇಳಿಬಿಡುತ್ತೇನೆ. ಎರಡು ವರ್ಷಕ್ಕೊಮ್ಮೆ ನಡೆಯುವ ದೇಶ–ದೇಶಗಳ ನಡುವಿನ ಚದುರಂಗದ ಪಂದ್ಯಾವಳಿ ಇದು. ಒಬ್ಬೊಬ್ಬರೇ ಆಡಿ ಗೆಲ್ಲುವುದಲ್ಲ, ತಂಡವಾಗಿ ಆಡಬೇಕು. ಒಂದು ದೇಶದ ನಾಲ್ವರು ಇನ್ನೊಂದು ದೇಶದ ನಾಲ್ವರ ಎದುರು ಸಾಲಾಗಿ ಕೂರುತ್ತಾರೆ, ಐದನೆಯವರೊಬ್ಬರು ಸಾಲು ಬಂದಾಗ ಆಡಲು ತಯಾರಿರುತ್ತಾರೆ. ನಾಲ್ಕು ಬೋರ್ಡುಗಳ ಅಂಕ ಕೂಡಿಸಿ ಯಾವ ದೇಶ ಗೆದ್ದಿತೆಂದು ಲೆಕ್ಕ. ಒಬ್ಬಳು ಸೋತರೆ ಪಕ್ಕದವಳು ಅದನ್ನು ತುಂಬಿಕೊಡಬೇಕು. ಕಬಡ್ಡಿ, ಖೋ ಖೋ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಚಿತ್ರವೆಂದರೆ ಈ ತಂಡದ ಟ್ರೋಫಿಗೆ ತಮ್ಮ ಹೆಸರನ್ನು ಕೊಟ್ಟ ವೇರಾ ಅವರಿಗೆ ಜೀವಮಾನದಲ್ಲಿ ಇಂಥ ಒಂದು ತಂಡ ಸಿಗಲೇ ಇಲ್ಲ. ಅವರ ಕಾಲದಲ್ಲಿ ಮಹಿಳೆಯರ ಒಲಿಂಪಿಯಾಡ್ ಎಂಬುದೇ ಇರಲಿಲ್ಲ. ಅವರು ಆಡಿದ್ದೆಲ್ಲ ಒಬ್ಬಂಟಿಯಾಗಿ, ಬಹುಪಾಲು ಗಂಡಸರ ನಡುವೆ.

ವೇರಾ ಹುಟ್ಟಿದ್ದು 1906ರ ಫೆಬ್ರವರಿ 16ರಂದು ರಷ್ಯಾದ ಮಾಸ್ಕೋ ನಗರದಲ್ಲಿ. ತಂದೆ ಫ್ರಾಂತಿಶೆಕ್ ಮೆಂಚಿಕ್ ಬೊಹೀಮಿಯಾದವರು, ಅಂದರೆ ಇಂದಿನ ಚೆಕ್ ದೇಶದವರು. ತಾಯಿ ಓಲ್ಗಾ ಇಲ್ಲಿಂಗ್‌ವರ್ತ್ ಇಂಗ್ಲಿಷ್ ಮನೆತನದವರು. ತಂದೆ ಜಮೀನ್ದಾರರ ಎಸ್ಟೇಟುಗಳ ಮೇಲ್ವಿಚಾರಣೆ ನೋಡುತ್ತಿದ್ದರು, ಸ್ವಂತದ್ದೊಂದು ಗಿರಣಿಯೂ ಇತ್ತು. ತಾಯಿ ಮದುವೆಗೆ ಮೊದಲು ಶ್ರೀಮಂತರ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದವರು. ವೇರಾಳ ಬೆನ್ನಿಗೆ ಹುಟ್ಟಿದ ತಂಗಿಗೆ ತಾಯಿಯ ಹೆಸರನ್ನೇ ಇಟ್ಟರು. ಅನುಕೂಲಸ್ಥರ ಮನೆ, ಹೆಣ್ಣುಮಕ್ಕಳ ಖಾಸಗಿ ಶಾಲೆ. ಒಂಬತ್ತನೆಯ ವಯಸ್ಸಿನಲ್ಲಿ ತಂದೆ ಅವಳಿಗೆ ಚದುರಂಗದ ಮಣೆ ತೋರಿಸಿ ಕಾಯಿಗಳ ನಡೆ ಕಲಿಸಿದರು.

1917ರಲ್ಲಿ ಕ್ರಾಂತಿಯಾಯಿತು. ಗಿರಣಿ ಕೈತಪ್ಪಿತು. ಅವರಿದ್ದ ದೊಡ್ಡ ಮನೆಯೊಳಕ್ಕೆ ಬೇರೆ ಸಂಸಾರಗಳು ಬಂದು ಸೇರಿಕೊಂಡವು. ಖಾಸಗಿ ಶಾಲೆ ಬಿಟ್ಟು ವೇರಾ ಎಲ್ಲರೂ ಓದುವ ಸರ್ಕಾರಿ ಶಾಲೆಗೆ ಸೇರಬೇಕಾಯಿತು. ಆ ಶಾಲೆಯಲ್ಲಿ ಬೆಳಕಿರಲಿಲ್ಲ, ಚಳಿಗೆ ಬೆಂಕಿಯೂ ಇರಲಿಲ್ಲ. ಸಂಜೆಯ ಪಾಳಿ ಬಂದಾಗ ಮೇಣದ ಬತ್ತಿ, ಸೀಮೆಎಣ್ಣೆ ದೀಪ ಹಚ್ಚಿಕೊಂಡು ಪಾಠ ನಡೆಯುತ್ತಿತ್ತು. ಪಾಠ ಮುಗಿದ ಮೇಲೆ ರಾತ್ರಿಯ ಹಿಮದಲ್ಲಿ ನಡೆದೇ ಮನೆಗೆ ಹೋಗಬೇಕು. ನಮ್ಮ ಶಾಲೆಯ ಮೊದಮೊದಲ ತಂಡದವರು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಎಸ್ಸೆಸ್ಸೆಲ್ಸಿ ಓದಿದ್ದನ್ನು ಹೇಳುವುದನ್ನು ಕೇಳಿದ್ದೇನೆ. ಅವರಿಗೆ ಈ ಹುಡುಗಿಯ ಕಷ್ಟ ಬೇಗ ಅರ್ಥವಾಗುತ್ತದೆ, ಹಿಮವೊಂದನ್ನು ಬಿಟ್ಟು. ಅಂಥ ದಿನಗಳಲ್ಲೇ, ಹದಿನಾಲ್ಕನೆಯ ವಯಸ್ಸಿನಲ್ಲಿ, ಶಾಲೆಯಲ್ಲಿ ನಡೆದ ಒಂದು ಚದುರಂಗ ಸ್ಪರ್ಧೆಯಲ್ಲಿ ಅವಳು ಎರಡನೆಯ ಸ್ಥಾನವನ್ನು ಇನ್ನೊಬ್ಬರೊಡನೆ ಹಂಚಿಕೊಂಡಳು. ಮುಂದೆ ಜಗತ್ತಿನ ಮೊದಲ ಮಹಿಳಾ ಚಾಂಪಿಯನ್ ಆದವಳ ಮೊದಲ ಪಂದ್ಯಾವಳಿ ಒಂದು ಶಾಲೆಯ ಪಂದ್ಯಾವಳಿ ಎಂಬುದನ್ನು ನಾನು ಬೇಕೆಂದೇ ಇಲ್ಲಿ ಬರೆಯುತ್ತಿದ್ದೇನೆ.

1921ರಲ್ಲಿ ಸಂಸಾರ ರಷ್ಯಾ ಬಿಟ್ಟಿತು, ಅದರ ಜೊತೆಗೇ ಒಡೆಯಿತು. ತಂದೆ ಬೊಹೀಮಿಯಾಕ್ಕೆ ಹೋದರು. ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹೇಸ್ಟಿಂಗ್ಸಿಗೆ, ತವರಿಗೆ, ಅಜ್ಜಿಯ ಬಳಿ ಬಂದರು. ಹದಿನೈದರ ವೇರಾಳಿಗೆ ಬರುತ್ತಿದ್ದುದು ರಷ್ಯನ್ ಭಾಷೆ. ಇಂಗ್ಲಿಷ್ ಮಾತನಾಡಲು ತಡವರಿಸುತ್ತಿದ್ದಳು. ಮಾತು ಬರದ ಊರಿನಲ್ಲಿ ಆ ವಯಸ್ಸಿನ ಹುಡುಗಿ ಏನು ಮಾಡಬೇಕು? ಆ ಊರಿನಲ್ಲಿ ಒಂದು ಚೆಸ್ ಕ್ಲಬ್ ಇತ್ತು, ಅದೂ ಸಾಮಾನ್ಯ ಕ್ಲಬ್ ಅಲ್ಲ. 1895ರಲ್ಲಿ ಹೇಸ್ಟಿಂಗ್ಸಿನಲ್ಲಿ ನಡೆದ ಪಂದ್ಯಾವಳಿ ಚದುರಂಗದ ಇತಿಹಾಸದಲ್ಲೇ ದೊಡ್ಡದು. 1923ರ ವಸಂತದಲ್ಲಿ ವೇರಾ ಆ ಕ್ಲಬ್ಬಿಗೆ ಸೇರಿದಳು. ಮಾತಿಲ್ಲದೆ ಎದುರುಬದುರು ಕೂತು ಆಡುವ ಆಟವಾದ್ದರಿಂದ ಅದೇ ತನಗೆ ತಕ್ಕದ್ದೆಂದು ಅವಳಿಗೆ ಅನ್ನಿಸಿತ್ತು.

ಆ ಕ್ಲಬ್ಬಿಗೆ ಬಂದು ಕಲಿಸುತ್ತಿದ್ದವರಲ್ಲಿ ಗೇಜಾ ಮರೋತ್ಸಿ ಎಂಬ ಹಂಗೆರಿಯ ಆಟಗಾರರೂ ಒಬ್ಬರು, ತಮ್ಮ ಕಾಲದ ಅತಿರಥರಲ್ಲಿ ಎಣಿಸುವಂಥವರು. ವೇರಾಳಿಗೆ ಅವರು ನಿಜವಾದ ಗುರುಗಳಾದರು. ಮರೋತ್ಸಿಯವರದು ಆತುರವಿಲ್ಲದ ಆಟ. ಎದುರಾಳಿಯ ಕಾಯಿಗಳಿಗೆ ಓಡಾಡಲು ಜಾಗವಿಲ್ಲದ ಹಾಗೆ ಮೆಲ್ಲಗೆ ಕಟ್ಟಿಹಾಕುವುದು, ಕೊನೆಗೆ ಕೆಲವೇ ಕಾಯಿಗಳು ಉಳಿದಾಗ ಒಂದು ಕಾಲಾಳಿನ ವ್ಯತ್ಯಾಸದಿಂದ ಗೆಲ್ಲುವುದು ಅವರ ರೀತಿ. ವೇರಾಳೂ ಅದನ್ನೇ ಕಲಿತಳು. ಅವಳ ಆಟದಲ್ಲಿ ಕಾಯಿಗಳನ್ನು ಎಸೆದು ರಾಜನ ಮೇಲೆ ನುಗ್ಗುವ ಅಬ್ಬರ ಕಡಿಮೆ. ಈ ಕಾರಣಕ್ಕೆ ಕೆಲವರು ಅವಳ ಆಟ ಸಪ್ಪೆ ಎಂದದ್ದೂ ಉಂಟು. ಸಪ್ಪೆ ಎಂದವರಲ್ಲಿ ಎಷ್ಟು ಜನ ಅವಳ ಕೈಯಲ್ಲಿ ಸೋತಿದ್ದರು ಎಂಬುದು ಬೇರೆಯ ವಿಷಯ.

ಮುಂದಿನ ವರ್ಷಗಳು ಓಡುತ್ತವೆ. 1925ರಲ್ಲಿ ಬ್ರಿಟನ್ನಿನ ಮಹಿಳಾ ಚಾಂಪಿಯನ್ ಆಗಿದ್ದ ಎಡಿತ್ ಪ್ರೈಸ್ ಅವರನ್ನು ಎರಡು ಸರಣಿಗಳಲ್ಲಿ ಸೋಲಿಸಿದಳು. ಆದರೂ ಬ್ರಿಟಿಷ್ ಪ್ರಜೆಯಲ್ಲವೆಂದು ಬ್ರಿಟಿಷ್ ಮಹಿಳಾ ಚಾಂಪಿಯನ್‌ಶಿಪ್ಪಿನಲ್ಲಿ ಆಡುವ ಹಕ್ಕು ಅವಳಿಗಿರಲಿಲ್ಲ. 1926ರಲ್ಲಿ ಹೇಸ್ಟಿಂಗ್ಸಿನಲ್ಲಿ ಮೊದಲ ಬಾರಿಗೆ ನಡೆದ ಹುಡುಗಿಯರ ಚಾಂಪಿಯನ್‌ಶಿಪ್ ಗೆದ್ದಳು, ಮರುವರ್ಷವೂ ಗೆದ್ದಳು. 1927ರ ಬೇಸಿಗೆಯಲ್ಲಿ ಲಂಡನ್ನಿನಲ್ಲಿ ಗಂಡಸರ ಮೊದಲ ಚೆಸ್ ಒಲಿಂಪಿಯಾಡ್ ನಡೆಯಿತು. ಅದರ ಪಕ್ಕದಲ್ಲೇ ಮಹಿಳೆಯರಿಗೆಂದು ಒಂದು ವೈಯಕ್ತಿಕ ಪಂದ್ಯಾವಳಿ ಇಟ್ಟರು. ಹನ್ನೆರಡು ಮಂದಿ ಆಡಿದರು. ಹನ್ನೊಂದು ಆಟಗಳಲ್ಲಿ ಹತ್ತನ್ನು ಗೆದ್ದು ಒಂದನ್ನು ಡ್ರಾ ಮಾಡಿಕೊಂಡ ಇಪ್ಪತ್ತೊಂದು ವರ್ಷದ ವೇರಾ ಜಗತ್ತಿನ ಮೊದಲ ಮಹಿಳಾ ಚೆಸ್ ಚಾಂಪಿಯನ್ ಎನಿಸಿದಳು.

ಇಲ್ಲಿಂದ ಮುಂದೆ ನಾನು ವೇರಾ ಅವರನ್ನು ಬಹುವಚನದಲ್ಲೇ ಕರೆಯಬೇಕು.

1927, 1930, 1931, 1933, 1935, 1937, 1939. ಈ ಏಳು ವರ್ಷಗಳಲ್ಲಿ ಮಹಿಳೆಯರ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು, ಏಳನ್ನೂ ಅವರೇ ಗೆದ್ದರು. ಒಟ್ಟು ಆಡಿದ್ದು 83 ಆಟ. ಗೆದ್ದದ್ದು 78, ಡ್ರಾ 4, ಸೋಲು ಒಂದೇ ಒಂದು. ಆ ಒಂದು ಸೋಲು 1930ರಲ್ಲಿ ಹ್ಯಾಂಬರ್ಗಿನಲ್ಲಿ, ವಾಲಿ ಹೆನ್ಶೆಲ್ ಎಂಬ ಆಟಗಾರ್ತಿಯ ಎದುರು. ಪ್ರಾಗ್, ಫೋಕ್‌ಸ್ಟನ್, ವಾರ್ಸಾ, ಸ್ಟಾಕ್‌ಹೋಮ್ ಈ ನಾಲ್ಕು ಊರುಗಳಲ್ಲಿ ಒಂದಾದ ಮೇಲೊಂದರಂತೆ ನಾಲ್ಕು ಚಾಂಪಿಯನ್‌ಶಿಪ್ ಆಡಿ ಅರ್ಧ ಅಂಕವನ್ನೂ ಬಿಟ್ಟುಕೊಡಲಿಲ್ಲ. ಗಣಿತ ಪಾಠ ಮಾಡುವ ನಾನು ಈ ಅಂಕಿಗಳನ್ನು ಕೂಡಿಸಿ, ಕಳೆದು, ಮತ್ತೆ ನೋಡಿದ್ದೇನೆ. ಇಂಥ ಲೆಕ್ಕ ಯಾವ ಆಟದಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಯಾವ ದೇಶದ ಪರವಾಗಿ ಆಡಿದರು? ಮೊದಲ ಸಲ ಹುಟ್ಟಿದ ದೇಶ ರಷ್ಯಾದ ಹೆಸರಿನಲ್ಲಿ, ನಡುವಿನ ಐದು ಸಲ ತಂದೆಯ ದೇಶ ಚೆಕೊಸ್ಲೊವಾಕಿಯಾದ ಹೆಸರಿನಲ್ಲಿ, ಕೊನೆಯ ಸಲ ಇಂಗ್ಲೆಂಡಿನ ಹೆಸರಿನಲ್ಲಿ. ಇಷ್ಟೂ ಕಾಲ ಅವರು ಇದ್ದದ್ದು ಇಂಗ್ಲೆಂಡಿನಲ್ಲೇ. 1929ರಲ್ಲಿ ಇಂಗ್ಲೆಂಡಿನ ರ‍್ಯಾಮ್ಸ್‌ಗೇಟ್ ಎಂಬಲ್ಲಿ ಏಳು ಜನ ಬ್ರಿಟಿಷ್ ಆಟಗಾರರ ಎದುರು ಏಳು ಜನ ಹೊರದೇಶದವರನ್ನು ಕೂರಿಸಿ ಒಂದು ಪಂದ್ಯಾವಳಿ ನಡೆಸಿದರು. ಎಂಟು ವರ್ಷದಿಂದ ಇಂಗ್ಲೆಂಡಿನಲ್ಲಿದ್ದ ವೇರಾ ಅವರನ್ನು ಸೇರಿಸಿದ್ದು ಹೊರದೇಶದವರ ಸಾಲಿಗೆ. ತಂಡ ಎನ್ನಬಹುದಾದದ್ದು ಅವರಿಗೆ ಸಿಕ್ಕಿದ್ದರೆ ಅದೇ. ಸಾಲಂತೂ ಸಾಮಾನ್ಯದ್ದಲ್ಲ. ಮಾಜಿ ವಿಶ್ವ ಚಾಂಪಿಯನ್ ಕಪಬ್ಲಾಂಕ, ಪೋಲೆಂಡಿನ ರೂಬಿನ್‌ಸ್ಟೈನ್, ಗುರು ಮರೋತ್ಸಿ ಅದರಲ್ಲಿದ್ದರು. ಏಳು ಆಟಗಳಲ್ಲಿ ಕಪಬ್ಲಾಂಕ ಐದೂವರೆ ಅಂಕ ಪಡೆದರು. ವೇರಾ ಐದು ಅಂಕ ಪಡೆದು ರೂಬಿನ್‌ಸ್ಟೈನ್ ಅವರೊಡನೆ ಎರಡನೆಯ ಸ್ಥಾನ ಹಂಚಿಕೊಂಡರು. ಗುರುಗಳು ಶಿಷ್ಯೆಯ ಕೆಳಗೆ ಬಂದರು. ಶಿಷ್ಯರಿಂದ ಸೋಲುವುದನ್ನು ಬಯಸಬೇಕು ಎಂದು ನಮ್ಮಲ್ಲಿ ಹಿರಿಯರು ಹೇಳುವುದುಂಟಲ್ಲ, ಮರೋತ್ಸಿಯವರಿಗೆ ಆ ದಿನ ಹಾಗೇ ಅನ್ನಿಸಿರಬೇಕು ಎಂದು ನಾನು ಅಂದುಕೊಂಡಿದ್ದೇನೆ.

ಅದೇ ವರ್ಷ ಕಾರ್ಲ್ಸ್‌ಬಾಡಿನಲ್ಲಿ ಇಪ್ಪತ್ತೆರಡು ಜನರ ಬಹು ದೊಡ್ಡ ಪಂದ್ಯಾವಳಿ. ಇಪ್ಪತ್ತೊಂದು ಗಂಡಸರು, ಒಬ್ಬರು ವೇರಾ. ಹೆಣ್ಣುಮಗಳೊಬ್ಬಳನ್ನು ಇಂಥ ಕಡೆ ಕರೆದದ್ದೇ ಕೆಲವರಿಗೆ ತಮಾಷೆಯಾಗಿ ಕಂಡಿತು. ವಿಯೆನ್ನಾದ ಆಲ್ಬರ್ಟ್ ಬೆಕರ್ ಎಂಬ ಆಟಗಾರರು, ಇವಳ ಕೈಯಲ್ಲಿ ಸೋತವರನ್ನೆಲ್ಲ ಸೇರಿಸಿ ವೇರಾ ಮೆಂಚಿಕ್ ಕ್ಲಬ್ ಎಂದು ಒಂದು ಸಂಘ ಮಾಡೋಣ ಎಂದು ನಗೆಯಾಡಿದರು. ಡ್ರಾ ಮಾಡಿಕೊಂಡವರನ್ನು ಸದಸ್ಯತ್ವಕ್ಕೆ ಕಾದಿರುವ ಅಭ್ಯರ್ಥಿಗಳೆಂದು ಲೆಕ್ಕ ಹಿಡಿಯುವುದಂತೆ. ಕೆಲವೇ ದಿನಗಳಲ್ಲಿ ಬೆಕರ್ ಅವರೇ ವೇರಾ ಎದುರು ಕೂತು, ಸೋತು, ಆ ಕ್ಲಬ್ಬಿನ ಮೊದಲ ಸದಸ್ಯರಾದರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ನಗುತ್ತಾರೆ. ಆ ಪಂದ್ಯಾವಳಿಯ ಕೊನೆಯಲ್ಲಿ ವೇರಾ ಅವರಿಗೆ ಬಂದ ಸ್ಥಾನ ಯಾವುದೆಂದು ಹೇಳುವುದಿಲ್ಲ. ಇಪ್ಪತ್ತೆರಡನೆಯದು, ಅಂದರೆ ಕೊನೆಯದು. ಇಪ್ಪತ್ತೊಂದು ಆಟಗಳಿಂದ ಮೂರು ಅಂಕ. 1935ರಲ್ಲಿ ತಾವು ಹುಟ್ಟಿದ ಮಾಸ್ಕೋ ನಗರಕ್ಕೇ ಆಹ್ವಾನದ ಮೇಲೆ ಆಡಲು ಹೋದಾಗಲೂ ಹಾಗೆಯೇ ಆಯಿತು. ಹತ್ತೊಂಬತ್ತು ಆಟಗಳಿಂದ ಒಂದೂವರೆ ಅಂಕ, ಇಪ್ಪತ್ತು ಜನರಲ್ಲಿ ಇಪ್ಪತ್ತನೆಯವರು. ಹದಿನೈದನೆಯ ವಯಸ್ಸಿನಲ್ಲಿ ಬಿಟ್ಟುಹೋದ ಊರಿಗೆ ವಿಶ್ವ ಚಾಂಪಿಯನ್ ಆಗಿ ಬಂದು, ಎಲ್ಲರ ಕಣ್ಣೆದುರು ಪಟ್ಟಿಯ ತಳದಲ್ಲಿ ಹೆಸರು ನೋಡುವುದು ಎಷ್ಟು ಕಷ್ಟವಿರಬೇಕು. ಅದೇ ವರ್ಷ ಕೆಲವು ತಿಂಗಳಲ್ಲಿ ವಾರ್ಸಾಕ್ಕೆ ಹೋಗಿ ಮಹಿಳೆಯರ ಚಾಂಪಿಯನ್‌ಶಿಪ್ಪಿನಲ್ಲಿ ಒಂಬತ್ತಕ್ಕೆ ಒಂಬತ್ತು ಗೆದ್ದರು. ಮಹಿಳೆಯರ ಪಂದ್ಯಗಳನ್ನಷ್ಟೇ ಆಡಿಕೊಂಡಿದ್ದರೆ ಸೋಲೆಂಬುದೇ ಇಲ್ಲದೆ ಇರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ವರ್ಷ ವರ್ಷವೂ ಗಂಡಸರ ಪಂದ್ಯಾವಳಿಗಳಿಗೆ ಹೋಗಿ ಸೋತರು, ಕೆಲವೊಮ್ಮೆ ಚೆನ್ನಾಗಿ ಆಡಿದರು. 1934ರಲ್ಲಿ ಮಾರಿಬೋರ್ ಎಂಬಲ್ಲಿ ಮೂರನೆಯವರಾಗಿ ಬಂದರು. ಕಪಬ್ಲಾಂಕ, ಅಲೆಖಿನ್ ಈ ಇಬ್ಬರನ್ನು ಒಮ್ಮೆಯೂ ಗೆಲ್ಲಲಾಗಲಿಲ್ಲ. ಅವರ 83 ಆಟಗಳ ದಾಖಲೆಗಿಂತ ಈ ಕೊನೆಯ ಸ್ಥಾನಗಳೇ ನನಗೆ ದೊಡ್ಡದಾಗಿ ಕಾಣುತ್ತವೆ. ನಮ್ಮ ಹುಡುಗಿಯರಿಗೆ ಯಾರಾದರೂ ವೇರಾ ಕಥೆ ಹೇಳುವುದಾದರೆ ಇದನ್ನು ಬಿಡಬಾರದು.

ಕ್ಲಬ್ಬಿನ ಸದಸ್ಯರ ಪಟ್ಟಿಗೆ ಮರಳುತ್ತೇನೆ, ಅದರಲ್ಲಿ ನಮಗೆ ಸಂಬಂಧಪಟ್ಟವರಿದ್ದಾರೆ. ನೆದರ್‌ಲ್ಯಾಂಡ್ಸಿನ ಮ್ಯಾಕ್ಸ್ ಯೂವೆ ಹೇಸ್ಟಿಂಗ್ಸಿನಲ್ಲಿ ಎರಡು ಸಲ ವೇರಾ ಅವರಿಗೆ ಸೋತರು. ಅವರು ವೃತ್ತಿಯಿಂದ ಗಣಿತದ ಮೇಷ್ಟ್ರು, 1935ರಲ್ಲಿ ವಿಶ್ವ ಚಾಂಪಿಯನ್ ಆದವರು. ಇವರ ವಿಷಯ ಮುಂದೆ ಮತ್ತೆ ಬರುತ್ತದೆ. ಇನ್ನೊಬ್ಬ ಸದಸ್ಯರು ಮೀರ್ ಸುಲ್ತಾನ್ ಖಾನ್. ಆಗಿನ ಅಖಂಡ ಭಾರತದ ಪಂಜಾಬಿನ ಹಳ್ಳಿಯವರು, ಸರ್ ಉಮರ್ ಹಯಾತ್ ಖಾನ್ ಎಂಬ ಸಿರಿವಂತರ ಆಶ್ರಯದಲ್ಲಿದ್ದು ಅವರ ಜೊತೆ ಲಂಡನ್ನಿಗೆ ಹೋದವರು. ನಮ್ಮ ದೇಶೀ ಪದ್ಧತಿಯ ಚದುರಂಗ ಕಲಿತಿದ್ದ ಇವರು ಅಲ್ಲಿ ಪಾಶ್ಚಾತ್ಯ ಪದ್ಧತಿ ಕಲಿತು ಮೂರು ಸಲ ಬ್ರಿಟಿಷ್ ಚಾಂಪಿಯನ್ ಆದರು. ಅವರನ್ನೂ ವೇರಾ ಹೇಸ್ಟಿಂಗ್ಸಿನಲ್ಲಿ ಸೋಲಿಸಿದರು. ಅದೇ ಉಮರ್ ಹಯಾತ್ ಖಾನರ ಮನೆಯವರೊಡನೆ ಬಂದಿದ್ದ ಫಾತಿಮಾ ಎಂಬ ತರುಣಿ 1933ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದಳು. ಆಮೇಲೆ ಊರಿಗೆ ಮರಳಿದ ಅವಳ ಹೆಸರು ಚದುರಂಗದ ಪುಟಗಳಲ್ಲಿ ಮತ್ತೆ ಕಾಣುವುದಿಲ್ಲ. ಅವಳದೇ ಒಂದು ಬೇರೆ ಲೇಖನವಾಗಬೇಕು.

ಮೂರನೆಯವರು ಸರ್ ಜಾರ್ಜ್ ಥಾಮಸ್. ಬ್ರಿಟನ್ನಿನ ಚೆಸ್ ಚಾಂಪಿಯನ್ ಆಗಿದ್ದವರು, ವೇರಾ ಕೈಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಸೋತವರು. ಈ ಹೆಸರನ್ನು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿತೇ? ಬ್ಯಾಡ್ಮಿಂಟನ್ನಿನ ಥಾಮಸ್ ಕಪ್ ಇದೆಯಲ್ಲ, ಅದು ಇವರ ಹೆಸರಿನದೇ. ನಮ್ಮ ಪ್ರಕಾಶ್ ಪಡುಕೋಣೆ 1980ರಲ್ಲಿ ಗೆದ್ದ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಈ ಥಾಮಸ್ ಅವರು ನಾಲ್ಕು ಸಲ ಗೆದ್ದಿದ್ದರು. 2022ರಲ್ಲಿ ಭಾರತದ ಗಂಡುಮಕ್ಕಳು ಥಾಮಸ್ ಕಪ್ ಗೆದ್ದರು, 2024ರಲ್ಲಿ ಹೆಣ್ಣುಮಕ್ಕಳು ವೇರಾ ಮೆಂಚಿಕ್ ಕಪ್ ಗೆದ್ದರು. ಒಂದೇ ಮಣೆಯ ಆಚೆ ಈಚೆ ಕೂತು ಆಡಿದ ಇಬ್ಬರ ಹೆಸರಿನ ಎರಡು ಟ್ರೋಫಿಗಳು ಎರಡು ವರ್ಷದ ಅಂತರದಲ್ಲಿ ನಮ್ಮ ದೇಶದ ಪಾಲಾದವು. ಇದನ್ನು ಮೊದಲು ಗಮನಿಸಿದಾಗ ನನಗಾದ ಖುಷಿಯನ್ನು ಹಂಚಿಕೊಳ್ಳಲು ಸ್ಟಾಫ್ ರೂಮಿನಲ್ಲಿ ಆಗ ಯಾರೂ ಇರಲಿಲ್ಲ!

ವೇರಾ ಅವರ ಸಂಸಾರದ ವಿಷಯ ಚಿಕ್ಕದು. 1935ರ ವಾರ್ಸಾ ಚಾಂಪಿಯನ್‌ಶಿಪ್ಪಿಗೆ ಹೊರಟಿದ್ದ ಆಗ್ನೆಸ್ ಸ್ಟೀವನ್‌ಸನ್ ಎಂಬ ಬ್ರಿಟಿಷ್ ಆಟಗಾರ್ತಿ ದಾರಿಯಲ್ಲಿ, ಪೊಜ್ನಾನ್ ವಿಮಾನ ನಿಲ್ದಾಣದಲ್ಲಿ, ತಿರುಗುತ್ತಿದ್ದ ವಿಮಾನದ ರೆಕ್ಕೆಪಂಖಕ್ಕೆ ಸಿಕ್ಕಿ ತೀರಿಕೊಂಡರು. ಅವರ ಪತಿ ಆರ್. ಎಚ್. ಎಸ್. ಸ್ಟೀವನ್‌ಸನ್ ಬ್ರಿಟಿಷ್ ಚೆಸ್ ಸಂಸ್ಥೆಯ ಕಾರ್ಯದರ್ಶಿಗಳು. ಎರಡು ವರ್ಷಗಳ ನಂತರ, 1937ರಲ್ಲಿ, ವೇರಾ ಅವರನ್ನು ಮದುವೆಯಾದರು. ಆತ ಇಪ್ಪತ್ತೆಂಟು ವರ್ಷ ದೊಡ್ಡವರು. ಈ ಮದುವೆಯಿಂದ ವೇರಾ ಬ್ರಿಟಿಷ್ ಪ್ರಜೆಯಾದರು. ಹದಿನಾರು ವರ್ಷ ಆ ನೆಲದಲ್ಲಿ ಬದುಕಿದ ಮೇಲೆ.

ಅವರ ಸರಿಸಮಕ್ಕೆ ನಿಲ್ಲಬಲ್ಲ ಹೆಣ್ಣು ಆ ಕಾಲದಲ್ಲಿ ಒಬ್ಬಳೇ, ಜರ್ಮನಿಯ ಸೋನ್ಯಾ ಗ್ರಾಫ್. ಸ್ವಭಾವದಲ್ಲಿ ಇಬ್ಬರೂ ತದ್ವಿರುದ್ಧ. ವೇರಾ ಮಿತಭಾಷಿ, ಸಾವಧಾನದವರು. ಸೋನ್ಯಾ ದಿಟ್ಟೆ, ಗಂಡಸರಂತೆ ಉಡುಪು ತೊಟ್ಟು ಸಿಗರೇಟು ಸೇದುತ್ತಿದ್ದವಳು, ಆಟವೂ ಹಾಗೇ ಮುನ್ನುಗ್ಗುವುದು. 1937ರಲ್ಲಿ ಇಬ್ಬರೂ ಹದಿನಾರು ಆಟಗಳ ಸರಣಿ ಆಡಿದರು. ವೇರಾ ಒಂಬತ್ತು ಗೆದ್ದರು, ಎರಡು ಸೋತರು, ಐದು ಡ್ರಾ. 1939ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಲ್ಲಿ ಮತ್ತೆ ಎದುರಾದರು. ಆ ಆಟದಲ್ಲಿ ಸೋನ್ಯಾ ಗೆಲ್ಲುವ ಸ್ಥಿತಿಗೆ ಬಂದು ಕೈಯಾರೆ ಕಳೆದುಕೊಂಡಳು. ಹಿಟ್ಲರನ ಜರ್ಮನಿಯ ಬಾವುಟದಡಿ ಅವಳು ಆಡಲಿಲ್ಲ. ಪಂದ್ಯಾವಳಿ ನಡೆಯುತ್ತಿರುವಾಗಲೇ, ಸೆಪ್ಟೆಂಬರ್ ಮೊದಲಲ್ಲಿ, ಯೂರೋಪಿನಲ್ಲಿ ಯುದ್ಧ ಶುರುವಾಯಿತು. ಇಂಗ್ಲೆಂಡಿನ ಗಂಡಸರ ತಂಡ ಆಟ ಬಿಟ್ಟು ಊರಿಗೆ ಹೊರಟಿತು. ಸೋನ್ಯಾ ಸೇರಿದಂತೆ ಹಲವರು ಅರ್ಜೆಂಟೀನಾದಲ್ಲೇ ಉಳಿದುಬಿಟ್ಟರು. ವೇರಾ ತಮ್ಮ ಹತ್ತೊಂಬತ್ತು ಆಟಗಳನ್ನೂ ಮುಗಿಸಿ, ಹದಿನೇಳು ಗೆದ್ದು, ಎರಡು ಡ್ರಾ ಮಾಡಿಕೊಂಡು, ಏಳನೆಯ ಸಲ ಚಾಂಪಿಯನ್ ಆಗಿ ಯುದ್ಧದ ನಡುವೆಯೇ ಲಂಡನ್ನಿಗೆ ಮರಳಿದರು. ಉಳಿದುಬಿಟ್ಟಿದ್ದರೆ ಎಂದು ಈಗ ನಮಗೆ ಅನ್ನಿಸುತ್ತದೆ. ಆದರೆ ಗಂಡ, ತಾಯಿ, ತಂಗಿ ಎಲ್ಲ ಇದ್ದದ್ದು ಇಂಗ್ಲೆಂಡಿನಲ್ಲಿ.

ಲಂಡನ್ನಿನ ರಾಷ್ಟ್ರೀಯ ಚೆಸ್ ಕೇಂದ್ರದ ವ್ಯವಸ್ಥಾಪಕಿಯಾಗಿ ಅವರು ಕೆಲಸ ಮಾಡಿದರು. 1940ರ ಬಾಂಬ್ ದಾಳಿಯಲ್ಲಿ ಆ ಕೇಂದ್ರವೇ ನಾಶವಾಯಿತು. ಮನೆಯಲ್ಲಿ ಪಾಠ ಹೇಳುವುದು, ಪತ್ರಿಕೆಗಳಿಗೆ ಬರೆಯುವುದು, ಅಲ್ಲಲ್ಲಿ ಪ್ರದರ್ಶನ ಪಂದ್ಯ ಆಡುವುದು, ಹೀಗೆ ದಿನ ದೂಡಿದರು. 1942ರಲ್ಲಿ ಹಿರಿಯ ಆಟಗಾರ ಜಾಕ್ ಮೀಸೆಸ್ ಅವರೊಡನೆ ಹತ್ತು ಆಟಗಳ ಸರಣಿ ಆಡಿ ಗೆದ್ದರು. 1943ರ ಫೆಬ್ರವರಿಯಲ್ಲಿ ಪತಿ ತೀರಿಕೊಂಡರು. ವೇರಾ ತಾಯಿ, ತಂಗಿಯರೊಡನೆ ದಕ್ಷಿಣ ಲಂಡನ್ನಿನ ಕ್ಲಾಪಮ್ ಬಡಾವಣೆಯ ಮನೆಯಲ್ಲಿ ಇದ್ದರು. ತಂಗಿ ಓಲ್ಗಾಳೂ ಒಳ್ಳೆಯ ಆಟಗಾರ್ತಿ. ಅಕ್ಕ ಚಾಂಪಿಯನ್ ಆದ ಎರಡು ವಿಶ್ವ ಪಂದ್ಯಾವಳಿಗಳಲ್ಲಿ ಅವಳೂ ಆಡಿದ್ದಳು.

1944ರ ಜೂನ್ ತಿಂಗಳಲ್ಲಿ ಜರ್ಮನಿ ಹೊಸ ಬಗೆಯ ಅಸ್ತ್ರವೊಂದನ್ನು ಬಿಡತೊಡಗಿತು. ವಿ–1 ಎಂಬ ಆ ಹಾರುವ ಬಾಂಬಿಗೆ ಪೈಲಟ್ ಇರಲಿಲ್ಲ. ಗುಡುಗುಡು ಸದ್ದು ಮಾಡುತ್ತ ಬಂದು, ಲಂಡನ್ನಿನ ಮೇಲೆ ಬಂದಾಗ ಸದ್ದು ನಿಂತು, ಆಮೇಲೆ ಕೆಳಗೆ ಬೀಳುತ್ತಿತ್ತು. ಸದ್ದು ಕೇಳುತ್ತಿರುವವರೆಗೆ ಜನರಿಗೆ ಧೈರ್ಯ, ನಿಂತಿತೆಂದರೆ ಉಸಿರು ಬಿಗಿಹಿಡಿಯಬೇಕು. ಆ ತಿಂಗಳ ಕೊನೆಯ ವಾರದ ಒಂದು ರಾತ್ರಿ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಮನೆಯ ನೆಲಮಾಳಿಗೆಯಲ್ಲಿ ಆಶ್ರಯ ಪಡೆದಿದ್ದರು. ಬಾಂಬು ಆ ಮನೆಯ ಮೇಲೇ ಬಿತ್ತು. ಮೂವರೂ ಹೋದರು. ವೇರಾ ಅವರಿಗೆ 38 ವರ್ಷ. ಗೆದ್ದ ಟ್ರೋಫಿಗಳು, ಆಟಗಳನ್ನು ಬರೆದಿಟ್ಟ ಕಾಗದಗಳು ಎಲ್ಲ ಮನೆಯೊಡನೆ ಮಣ್ಣಾದವು. ಬೇರೆಯವರ ಪುಸ್ತಕಗಳಲ್ಲಿ, ಪಂದ್ಯಾವಳಿಗಳ ದಾಖಲೆಗಳಲ್ಲಿ ಉಳಿದಿದ್ದ ಆಟಗಳಷ್ಟೇ ಇಂದು ನಮಗೆ ಸಿಗುತ್ತವೆ.

ಹದಿನೇಳು ವರ್ಷ ಅವರು ಚಾಂಪಿಯನ್ ಆಗಿದ್ದರು, ಯಾರಿಗೂ ಸೋತು ಪಟ್ಟ ಬಿಡಲಿಲ್ಲ. ಖಾಲಿಯಾದ ಪಟ್ಟಕ್ಕೆ ಮತ್ತೆ ಪಂದ್ಯಾವಳಿ ನಡೆದದ್ದು ಯುದ್ಧ ಮುಗಿದ ಮೇಲೆ, 1949ರ ಕೊನೆಯಿಂದ 1950ರ ಮೊದಲವರೆಗೆ. ಅದು ನಡೆದದ್ದು ವೇರಾ ಹುಟ್ಟಿದ ಮಾಸ್ಕೋದಲ್ಲೇ. ಸೋವಿಯತ್ ಒಕ್ಕೂಟದ ಲ್ಯುದ್ಮಿಲಾ ರುದೆಂಕೊ ಗೆದ್ದರು.

ಗಂಡಸರ ಒಲಿಂಪಿಯಾಡ್ ಶುರುವಾಗಿ ಮೂವತ್ತು ವರ್ಷದ ನಂತರ, 1957ರಲ್ಲಿ, ನೆದರ್‌ಲ್ಯಾಂಡ್ಸಿನ ಎಮ್ಮೆನ್ ಎಂಬ ಊರಿನಲ್ಲಿ ಮಹಿಳೆಯರ ಮೊದಲ ಒಲಿಂಪಿಯಾಡ್ ನಡೆಯಿತು. 21 ದೇಶಗಳು ಬಂದವು. ಆಗ ಒಂದು ತಂಡದಿಂದ ಇಬ್ಬರೇ ಆಡುವುದು. ನಾಲ್ಕು ಬೋರ್ಡಾದದ್ದು 2008ರಲ್ಲಿ. ಗೆದ್ದದ್ದು ಸೋವಿಯತ್ ತಂಡ, ಅದಕ್ಕೆ ಸಂದದ್ದು ವೇರಾ ಮೆಂಚಿಕ್ ಹೆಸರಿನ ಟ್ರೋಫಿ. ಮುಂದೆ ಬಹುಕಾಲ ಅದು ಸೋವಿಯತ್ ಒಕ್ಕೂಟದ ಕೈ ಬಿಟ್ಟು ಹೋದದ್ದೇ ಅಪರೂಪ. 1988 ಮತ್ತು 1990ರಲ್ಲಿ ಪೊಲ್ಗಾರ್ ಅಕ್ಕತಂಗಿಯರು ಅದನ್ನು ಹಂಗೆರಿಗೆ ಕೊಂಡೊಯ್ದರು. ಆಮೇಲೆ ಜಾರ್ಜಿಯಾ, ಚೀನಾ, ಉಕ್ರೇನ್ ಎಂದು ಅದು ತಿರುಗಿತು.

ಮ್ಯಾಕ್ಸ್ ಯೂವೆ ಮತ್ತೆ ಬರುತ್ತಾರೆಂದು ಹೇಳಿದ್ದೆ. 1976ರಲ್ಲಿ ಮುಂಬಯಿಯ ರೋಹಿಣಿ ಖಾಡಿಲ್ಕರ್ ಎಂಬ ಹದಿಮೂರು ವರ್ಷದ ಹುಡುಗಿ ಗಂಡಸರ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನಲ್ಲಿ ಆಡಲು ಕೂತಳು. ಗದ್ದಲವಾಯಿತು, ವಿಷಯ ಹೈಕೋರ್ಟಿನವರೆಗೆ ಹೋಯಿತು. ಆಗ ವಿಶ್ವ ಚೆಸ್ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಈ ಯೂವೆ. ಹೆಂಗಸೆಂಬ ಕಾರಣಕ್ಕೆ ಯಾರನ್ನೂ ರಾಷ್ಟ್ರೀಯ, ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್ಪುಗಳಿಂದ ಹೊರಗಿಡುವಂತಿಲ್ಲ ಎಂದು ಅವರು ತೀರ್ಮಾನ ಕೊಟ್ಟರು. ನಲವತ್ತೈದು ವರ್ಷದ ಹಿಂದೆ ಹೇಸ್ಟಿಂಗ್ಸಿನಲ್ಲಿ ತಾವು ಸೋತ ಆಟಗಳು ಅವರಿಗೆ ಆಗ ನೆನಪಾಗದೆ ಇದ್ದೀತೇ? ಎರಡು ವರ್ಷದ ನಂತರ, 1978ರಲ್ಲಿ, ಭಾರತದ ಮಹಿಳೆಯರ ತಂಡ ಒಲಿಂಪಿಯಾಡಿನಲ್ಲಿ ಆಡಿತು. ಊರು ಬ್ಯೂನಸ್ ಐರಿಸ್, ವೇರಾ ತಮ್ಮ ಕೊನೆಯ ಚಾಂಪಿಯನ್‌ಶಿಪ್ ಗೆದ್ದ ಊರು.

ಅಲ್ಲಿಂದ ಪದಕದವರೆಗೆ ನಲವತ್ತನಾಲ್ಕು ವರ್ಷ. 2022ರಲ್ಲಿ ಚೆನ್ನೈ ಬಳಿಯ ಮಾಮಲ್ಲಪುರಂನಲ್ಲಿ ನಮ್ಮ ತಂಡಕ್ಕೆ ಕಂಚು ಬಂತು. ಹಾರಿಕಾ ಆಗ ತುಂಬು ಗರ್ಭಿಣಿ, ಹಾಗೇ ಕೂತು ಆಡಿದರು. ಹದಿಮೂರರ ವಯಸ್ಸಿನಲ್ಲಿ, 2004ರಲ್ಲಿ, ಮೊದಲ ಒಲಿಂಪಿಯಾಡ್ ಆಡಿದ್ದ ಅವರು ಬುಡಾಪೆಸ್ಟಿನಲ್ಲಿ ಚಿನ್ನ ಮುಟ್ಟಲು ಇಪ್ಪತ್ತು ವರ್ಷ ಕಾದರು. ಬುಡಾಪೆಸ್ಟ್ ಮರೋತ್ಸಿಯವರ ದೇಶದ ರಾಜಧಾನಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ನಮ್ಮ ಶಾಲೆಯ ಮಾತು. ನಾನು ಓದುವಾಗ ಕ್ರೀಡಾ ಸಾಮಗ್ರಿಗಳ ಕೋಣೆಯಲ್ಲಿ ಒಂದೇ ಒಂದು ಚೆಸ್ ಬೋರ್ಡ್ ಇತ್ತು. ಅದರಲ್ಲಿ ಒಂದು ಕಪ್ಪು ಆನೆ ಕಳೆದುಹೋಗಿ ಅದರ ಜಾಗದಲ್ಲಿ ಸೀಮೆಸುಣ್ಣದ ತುಂಡಿಗೆ ಶಾಯಿ ಬಳಿದು ನಿಲ್ಲಿಸುತ್ತಿದ್ದೆವು. ಹುಡುಗರು ಮಧ್ಯಾಹ್ನ ಊಟದ ಹೊತ್ತಿಗೆ ಕೀಲಿ ಕೇಳಿ ತೆಗೆದುಕೊಂಡು ಹೋಗುತ್ತಿದ್ದರು. ನಾವು ಹುಡುಗಿಯರಿಗೆ ರಿಂಗ್ ಮತ್ತು ಥ್ರೋಬಾಲ್ ಕೊಡುವುದು ವಾಡಿಕೆ. ಯಾರೂ ಬೇಡವೆಂದು ಹೇಳಿರಲಿಲ್ಲ, ನಾವು ಕೇಳಿರಲೂ ಇಲ್ಲ. ತಾಲ್ಲೂಕು ಮಟ್ಟದ ಸ್ಪರ್ಧೆಗೆ ನನ್ನನ್ನು ಕಳುಹಿಸಿದಾಗ ಹುಡುಗಿಯರ ಚೆಸ್ಸಿಗೆ ಹೆಸರು ಕೊಟ್ಟವರು ಇಬ್ಬರೇ. ಇನ್ನೊಬ್ಬಳು ಬಸ್ಸು ತಪ್ಪಿ ಬರಲಿಲ್ಲ. ಒಂದು ಕಾಲಾಳನ್ನೂ ಮುಟ್ಟದೆ ಪ್ರಥಮ ಬಹುಮಾನದ ಸರ್ಟಿಫಿಕೇಟು ಹಿಡಿದು ಮನೆಗೆ ಬಂದೆ. ಅಮ್ಮ ಅದಕ್ಕೆ ಕಟ್ಟು ಹಾಕಿಸಿದರು. ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ, ಆ ಹುಡುಗಿ ಬಂದಿದ್ದರೆ ಚೆನ್ನಾಗಿತ್ತು, ಸೋತಿದ್ದರೂ ಚಿಂತೆಯಿರಲಿಲ್ಲ ಅನ್ನಿಸುತ್ತದೆ.

ನಮ್ಮ ತಂಡದ ಹಳೆಯ ವಿದ್ಯಾರ್ಥಿನಿಯರು ಸೇರಿ ಈ ಮಹೋತ್ಸವದ ಕಾಣಿಕೆಯಾಗಿ ಶಾಲೆಗೆ ಎಂಟು ಚೆಸ್ ಬೋರ್ಡುಗಳನ್ನೂ ನಾಲ್ಕು ಗಡಿಯಾರಗಳನ್ನೂ ಕೊಡುತ್ತಿದ್ದೇವೆ. ಮುಖ್ಯೋಪಾಧ್ಯಾಯರಲ್ಲಿ ಒಂದೇ ವಿನಂತಿ. ಅವನ್ನು ಬೀಗ ಹಾಕುವ ಕೋಣೆಯಲ್ಲಿಡದೆ ಗ್ರಂಥಾಲಯದ ತೆರೆದ ಕಪಾಟಿನಲ್ಲಿ ಇಡಿಸಬೇಕು. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟ ಮೇಲೆ ಆಚೆ ಹಳ್ಳಿಗಳ ಹುಡುಗಿಯರು ಐದೂಕಾಲರ ಬಸ್ಸಿಗೆ ಕಾಯುತ್ತ ಕೂರುತ್ತಾರೆ. ಒಂದು ಆಟ ಮುಗಿಯಲು ಅಷ್ಟು ಹೊತ್ತು ಸಾಕು.